ಗಿಡದ ಪುಸ್ತಕದಲ್ಲಿ ಖಾಲಿ ಉಳಿದ ಗೆರೆ

ನನ್ನ ಮದುವೆಯ ಟ್ರಂಕನ್ನು ಮೂಗೂರಿನ ಮನೆಯ ಜಗಲಿಗೆ ಇಳಿಸಿದವರು ಸೊಂಟ ಹಿಡಿದುಕೊಂಡು, "ಏನ್ರವ್ವ, ನಿಮ್ ಸೊಸೆ ಬೀಸೋಕಲ್ಲು ತುಂಬ್ಕೊಂಡು ಬಂದವ್ಳಾ?" ಎಂದರು. ಕಲ್ಲೇನೂ ಇರಲಿಲ್ಲ. ಸೀರೆಗಳ ಅಡಿಯಲ್ಲಿ, ಹಳೇ ದಿಂಬಿನ ಚೀಲದೊಳಗೆ ಒಂದು ಪುಸ್ತಕವಿತ್ತು.

ಅದು ನಮ್ಮ ದೇಶದ ಸ್ವಂತ ಗಿಡಗಳ ಪುಸ್ತಕ. ಬ್ರಿಟಿಷರ ಕಾಲದ್ದು, ಇಂಗ್ಲಿಷಿನದು. ಕಂದು ಬಟ್ಟೆಯ ರಟ್ಟು. ಬೆನ್ನಿನ ಮೇಲಿದ್ದ ಬಂಗಾರದ ಅಕ್ಷರಗಳ ಬಣ್ಣ ಉದುರಿ ಬರೀ ತಗ್ಗು ಉಳಿದಿತ್ತು. ಕಣ್ಣಿಗೆ ಕಾಣದು, ಬೆರಳಾಡಿಸಿದರೆ ಓದಬಹುದು. ಒಳಗಿನ ಪ್ರತಿ ಬಣ್ಣದ ಚಿತ್ರಕ್ಕೂ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಕಾಗದದ ಸೆರಗು. ಆ ಸೆರಗನ್ನು ಎತ್ತುವಾಗ ಒಂದು ಸಣ್ಣ ಸದ್ದಾಗುತ್ತಿತ್ತು, ಹೊಸ ಮದುವಣಗಿತ್ತಿಯ ಸೀರೆಯ ಸದ್ದು. ಅದನ್ನು ಕೇಳುವುದಕ್ಕೆಂದೇ ನಾನು ಎಷ್ಟೋ ಸಲ ಪುಟ ತಿರುಗಿಸಿದ್ದುಂಟು.

ಮೈಸೂರಿನ ಕಾನ್ವೆಂಟಿನಲ್ಲಿ ನಮಗೆ ಸಸ್ಯಶಾಸ್ತ್ರ ಹೇಳುತ್ತಿದ್ದ ವಯಸ್ಸಾದ ಸಿಸ್ಟರ್ ಒಬ್ಬರು ಅದನ್ನು ನನಗೆ ಕೊಟ್ಟಿದ್ದರು. ಲೈಬ್ರರಿಯ ಕಪಾಟಿಗೆ ಗೆದ್ದಲು ಹತ್ತಿ ಪುಸ್ತಕದ ಕೊನೆಯ ಹಾಳೆಗಳನ್ನೆಲ್ಲ ತಿಂದುಹಾಕಿತ್ತು. ಕೊನೆಯಲ್ಲಿದ್ದದ್ದು ಇಂಡೆಕ್ಸು. ಇಂಡೆಕ್ಸಿಲ್ಲದ ಪುಸ್ತಕ ಲೈಬ್ರರಿಗೆ ಯಾಕೆ ಎಂದು ತೆಗೆದುಹಾಕುವಾಗ ಸಿಸ್ಟರ್ ನನ್ನನ್ನು ಕರೆದು, "ಇನ್ನು ಮೇಲೆ ಹೆಸರು ಹುಡುಕಿ ಗಿಡ ನೋಡೋಕಾಗಲ್ಲ ಮಗಳೇ. ಗಿಡದ ಮುಖ ನೋಡಿಯೇ ಹೆಸರು ಹುಡುಕಬೇಕು. ಗೆದ್ದಲು ಒಳ್ಳೇ ಕೆಲಸಾನೇ ಮಾಡಿದೆ," ಎಂದಿದ್ದರು.

ಆ ಪುಸ್ತಕದ ಒಂದೇ ವಿಷಯ ನನಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಪ್ರತಿ ಗಿಡದ ಕೆಳಗೂ ಮೊದಲು ಲ್ಯಾಟಿನ್ ಹೆಸರು, ಆಮೇಲೆ ಇಂಗ್ಲಿಷ್, ಆಮೇಲೆ ತಮಿಳು, ತೆಲುಗು, ಹಿಂದುಸ್ತಾನಿ, ಕೊನೆಗೆ ಕ್ಯಾನರೀಸ್ ಎಂದು ಕನ್ನಡದ ಗೆರೆ. ಬರೆದ ದೊರೆ ಮದರಾಸಿನ ಕಡೆ ಇದ್ದವನೇನೋ, ತಮಿಳಿಗೆ ಮೂರು ಮೂರು ಹೆಸರು ಕೊಟ್ಟಿದ್ದ. ಕನ್ನಡದ ಎದುರು ಮುಕ್ಕಾಲುಪಾಲು ಬರೀ ಒಂದು ಅಡ್ಡಗೀಟು. ಹಾಸ್ಟೆಲಿನಲ್ಲಿದ್ದಾಗಲೇ ಒಂದು ತೀರ್ಮಾನ ಮಾಡಿದ್ದೆ: ಒಂದಲ್ಲ ಒಂದು ದಿನ ಆ ಗೆರೆಗಳನ್ನೆಲ್ಲ ನಾನು ತುಂಬುತ್ತೇನೆ. ಆದರೆ ನಂಜನಗೂಡಿನ ಪೇಟೆ ಬೀದಿಯಲ್ಲಿ ಹುಟ್ಟಿ ಮೈಸೂರಿನ ಹಾಸ್ಟೆಲಿನಲ್ಲಿ ಬೆಳೆದವಳಿಗೆ ಗೊತ್ತಿದ್ದ ಗಿಡ ಎಷ್ಟು? ತುಳಸಿ, ಬೇವು, ಬಾಳೆ, ಕರಿಬೇವು. ಅವಕ್ಕೆ ದೊರೆಯೇ ಹೆಸರು ಬರೆದಿದ್ದ.

ಮೂಗೂರಿನ ಮನೆಯಲ್ಲಿ ಆಗ ನಾವು ಮೂವರು. ನಮ್ಮೆಜಮಾನರು ಬೆಳಿಗ್ಗೆ ಬಸ್ಸು ಹತ್ತಿ ನರಸೀಪುರದ ಆಫೀಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಹಗಲೆಲ್ಲ ಅತ್ತೆ ಮತ್ತು ನಾನು. ನನ್ನ ಕಾನ್ವೆಂಟಿನ ಕನ್ನಡ ಅತ್ತೆಗೆ ಪಾಠ ಒಪ್ಪಿಸಿದ ಹಾಗೆ ಕೇಳಿಸುತ್ತಿತ್ತಂತೆ; ಅವರ ಮಾತು ನನಗೆ ಅರ್ಧ ದಾಟಿಹೋಗುತ್ತಿತ್ತು. ಒಬ್ಬರಿಗೊಬ್ಬರು ಬಹಳ ಮರ್ಯಾದೆ ಕೊಟ್ಟುಕೊಂಡು, ಬಹಳ ಕಡಿಮೆ ಮಾತಾಡಿಕೊಂಡು ಇದ್ದೆವು.

ಒಂದು ಮಧ್ಯಾಹ್ನ ನಡುಮನೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಾಗ ಅವರೇ ಕೇಳಿದರು.

"ಅದೇನವ್ವ ಅದು, ದಿಂಬ್ನೊಳಗೆ ಬುಕ್ಕು?"

ತಂದು ಅವರ ಮುಂದೆ ಬಿಡಿಸಿದೆ. ಹುಣಸೆಯ ಅಂಟು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದರು. ನಾನು ಕಾಗದದ ಸೆರಗನ್ನು ಎತ್ತಿದೆ.

"ಅಯ್ಯೋ ಶಿವನೇ! ಇದು ನಮ್ ತುಂಬೆ ಅಲ್ವಾ?"

ಅಕ್ಷರ ಬಾರದ ಅತ್ತೆ ಪುಟದ ಮೇಲೆ ಪುಟ ಓದುತ್ತ ಹೋದರು. ಉತ್ತರಾಣಿ, ನೆಗ್ಗಿಲು, ಅಣ್ಣೆಸೊಪ್ಪು, ಲಕ್ಕಿ, ತಂಗಡಿ. ದಾರಿಯಲ್ಲಿ ಸಿಕ್ಕ ನೆಂಟರನ್ನು ಕೂಗಿ ಮಾತಾಡಿಸಿದ ಹಾಗೆ. ಒಂದು ಚಿತ್ರದ ಮುಂದೆ ಮಾತ್ರ ತುಸು ಹೊತ್ತು ನಿಂತು ಮೂಗು ಮುರಿದರು.

"ಇದ್ನ ಬರ್ದೋನು ಗಿಡ ಕಿತ್ತ ದಿನ ಬರ್ದಿಲ್ಲ ಕಣವ್ವ. ಮೂರ್ ದಿನ ಬುಟ್ಟು ಬರ್ದವ್ನೆ. ನೋಡು, ಎಲೆ ಜೋತ್ಬಿದ್ದದೆ. ನಮ್ ಗಿಡ ಇಂಗ್ ತಲೆ ಬಗ್ಸಲ್ಲ."

ನಾನು ಮೂರು ವರ್ಷ ನೋಡಿದ್ದ ಚಿತ್ರ ಅದು. ಅದೇ ಆ ಗಿಡದ ಚಂದ ಎಂದುಕೊಂಡಿದ್ದೆ.

ಅಂದಿನಿಂದ ನಮಗೆ ಮಾತಿಗೆ ಬರ ಬರಲಿಲ್ಲ. ಊಟದ ಪಾತ್ರೆ ತೊಳೆದಾದ ಮೇಲೆ ಪುಸ್ತಕ, ಪೆನ್ಸಿಲ್, ಬಿಡಿಸುವುದಕ್ಕೆ ಅವರೆಯೋ ಹುಣಸೆಯೋ. ಅತ್ತೆ ಹೆಸರು ಹೇಳುವುದು, ನಾನು ಅಡ್ಡಗೀಟಿನ ಮೇಲೆ ಬರೆಯುವುದು. ಸ್ವಲ್ಪ ದಿನದಲ್ಲಿ ಎದುರುಮನೆ ಅಕ್ಕನೂ ಬಂದು ಸೇರಿಕೊಂಡರು. ಅಕ್ಕ ಅತ್ತೆಗಿಂತ ಹತ್ತು ವರ್ಷ ಚಿಕ್ಕವರು, ಹೆಮ್ಮರಗಾಲದಿಂದ ಮದುವೆಯಾಗಿ ಬಂದವರು, ಮಾತಿನಲ್ಲಿ ಯಾರಿಗೂ ಸೋಲದವರು. ಅವರು ಬಂದ ಮೇಲೆ ಒಂದೊಂದು ಗೆರೆಗೂ ಎರಡೆರಡು ಹೆಸರಾಯಿತು.

"ಅದು ಗಣಿಕೆ ಸೊಪ್ಪು."

"ನಮ್ಮೂರಲ್ಲಿ ಕಾಗೆ ಸೊಪ್ಪು ಅಂತೀವಿ ಅತ್ತಿಗೆ."

"ನಿಮ್ಮೂರಲ್ಲಿ ಕಾಗೆ ತಿಂತವೆ, ಅದ್ಕೆ. ನಮ್ಮೂರಲ್ಲಿ ಮನುಸ್ರು ತಿಂತೀವಿ. ಗಣಿಕೆ ಅಂತ ಬರ್ಯವ್ವ ನೀನು."

ನಾನು ಎರಡನ್ನೂ ಬರೆದೆ. ಅತ್ತೆಯದು ಮೇಲೆ.

ಒಂದು ದಿನ ಅಕ್ಕ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ, "ಇದ್ರಲ್ಲಿ ಮೆಣಸಿನ್ಕಾಯೇ ಇಲ್ವಲ್ಲಾ?" ಎಂದರು. ಇದು ನಮ್ಮ ದೇಶದಲ್ಲೇ ಹುಟ್ಟಿದ ಗಿಡಗಳ ಪುಸ್ತಕ, ಮೆಣಸಿನಕಾಯಿ ಹಡಗಿನಲ್ಲಿ ಹೊರಗಿನಿಂದ ಬಂದದ್ದು, ಟೊಮೇಟೊ ಕೂಡ ಹಾಗೇ, ಕಡಲೆಕಾಯಿ ಕೂಡ ಎಂದು ನಾನು ವಿವರಿಸಿದೆ. ಇಬ್ಬರೂ ಕೈಯಲ್ಲಿದ್ದ ಅವರೆಕಾಯಿ ಕೆಳಗಿಟ್ಟರು.

"ಮೆಣಸಿನ್ಕಾಯಿ ನಮ್ದಲ್ವಾ?" ಎಂದರು ಅತ್ತೆ, ಮನೆಯ ಮಗಳನ್ನು ಯಾರೋ ನಿಮ್ಮದಲ್ಲ ಅಂದ ಹಾಗೆ. "ಅಂಗಾರೆ ನಮ್ಮುತ್ತಜ್ಜಿ ಸಾರ್ಗೆ ಏನಾಕ್ತಿದ್ಲು?"

"ಕರಿಮೆಣಸು ಹಾಕ್ತಿದ್ರಂತೆ ಅತ್ತೆ."

"ಮೆಣಸಿನ್ಕಾಯೂ ನಮ್ದಲ್ಲ, ಟಮಾಟೆನೂ ನಮ್ದಲ್ಲ," ಎಂದರು ಅಕ್ಕ. "ಅತ್ತಿಗೆ, ಸಾರಲ್ಲಿ ನಮ್ದು ಅಂತ ಉಳ್ದಿದ್ದು ನೀರೊಂದೇ ಕಣ."

ಆ ಸಂಜೆ ನಮ್ಮೆಜಮಾನರು ಊಟಕ್ಕೆ ಕೂತಾಗ ಸಾರು ಕಪ್ಪಗಿತ್ತು, ಗಂಟಲು ಉರಿಯುತ್ತಿತ್ತು. ಅತ್ತೆ ಮುತ್ತಜ್ಜಿಯ ಸಾರನ್ನು ಮಾಡಿ ನೋಡಿದ್ದರು. ಮಾರನೇ ದಿನ ಮೆಣಸಿನಕಾಯಿ ಸದ್ದಿಲ್ಲದೆ ಮನೆಗೆ ವಾಪಸಾಯಿತು.

ಈಗ ಮದ್ದಿನ ವಿಷಯಕ್ಕೆ ಬರುತ್ತೇನೆ.

ಅತ್ತೆ ಉಳುಕಿಗೆ ಮದ್ದು ಕಟ್ಟುತ್ತಿದ್ದರು. ಕಾಲು ಉಳುಕಿದವರು, ಕೈ ಉಳುಕಿದವರು ಮಂಗಳವಾರ ಮತ್ತು ಭಾನುವಾರ ಬೆಳಿಗ್ಗೆ ಬಂದು ನಮ್ಮ ಜಗಲಿಯ ಮೇಲೆ ಕೂರುತ್ತಿದ್ದರು. ಅತ್ತೆ ಹೊತ್ತು ಮೂಡುವ ಮೊದಲೇ ಎದ್ದು, ಯಾರೊಂದಿಗೂ ಮಾತಾಡದೆ ಹೊಲದ ಬದುವಿಗೆ ಹೋಗಿ, ಸೊಪ್ಪನ್ನು ಮಡಿಲಲ್ಲಿ ಮುಚ್ಚಿಕೊಂಡು ತರುತ್ತಿದ್ದರು. ಹಿತ್ತಿಲ ಒರಳಲ್ಲಿ ತಾವೇ ಅರೆಯುತ್ತಿದ್ದರು. ಅರೆದದ್ದನ್ನು ಹಚ್ಚಿ, ಮೇಲೆ ಹರಳೆಲೆ ಸುತ್ತಿ, ಹಳೇ ಪಂಚೆಯ ಬಟ್ಟೆಯಿಂದ ಕಟ್ಟುವುದು. ಕಾಸು ಮುಟ್ಟುವ ಹಾಗಿಲ್ಲ. ಕಟ್ಟಿಸಿಕೊಂಡವರು ಏಳುವಾಗ "ಬರ್ತೀನಿ" ಎನ್ನುವ ಹಾಗೂ ಇಲ್ಲ. ಅಂದರೆ ನೋವು ಮತ್ತೆ ಬರುತ್ತದೆ. ಸುಮ್ಮನೆ ಎದ್ದು, ತಿರುಗಿ ನೋಡದೆ ಹೋಗಬೇಕು.

ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಹೆಸರಿನದು.

"ಗಿಡದ ಎಸ್ರು ಬಾಯಿಂದ ಈಚೆಗೆ ಬಂದ್ರೆ ಗುಣ ಓಯ್ತದೆ ಕಣವ್ವ," ಎಂದು ಅತ್ತೆ ಮೊದಲೇ ಹೇಳಿದ್ದರು. "ನಮ್ಮತ್ತೆ ಕೊನೆಗಾಲದಲ್ಲಿ ನನ್ ಕಿವಿಗೆ ಯೋಳುದ್ಲು. ನಾನು ಒಂದಿನ ನಿನ್ ಕಿವಿಗೆ ಯೋಳ್ತೀನಿ. ಅಲ್ಲಿಗಂಟ ಕೇಳ್ಬಾರ್ದು."

ನಾನು ಕೇಳಲಿಲ್ಲ. ಕಾನ್ವೆಂಟಿನಲ್ಲಿ ಬೆಳೆದವಳಿಗೆ ಕೇಳಬಾರದು ಅಂದದ್ದನ್ನು ಕೇಳದಿರುವುದು ಗೊತ್ತು. ಆದರೆ ನೋಡಬಾರದು ಎಂದು ಯಾರೂ ಅಂದಿರಲಿಲ್ಲ. ಒಂದು ಮಂಗಳವಾರ ಅತ್ತೆಯ ಸೀರೆ ಒಗೆಯುವಾಗ ಮಡಿಲಿನ ನೆರಿಗೆಯಲ್ಲಿ ಒಂದು ಸಣ್ಣ ಬೀಜ ಅಂಟಿಕೊಂಡಿತ್ತು. ಮೂರು ಮೂಲೆ, ಒಂದು ತುದಿಯಲ್ಲಿ ಕೊಕ್ಕೆ. (ಯಾವ ಗಿಡವೆಂದು ತಿಳಿಯಬಾರದೆಂದು ಬೀಜದ ಆಕಾರವನ್ನು ಇಲ್ಲಿ ಸ್ವಲ್ಪ ಬದಲಾಯಿಸಿ ಬರೆದಿದ್ದೇನೆ.) ಅದನ್ನು ಬೆಂಕಿಪೊಟ್ಟಣದಲ್ಲಿ ಹಾಕಿಟ್ಟೆ. ಪುಸ್ತಕದಲ್ಲಿ ಪ್ರತಿ ಗಿಡದ ಬೀಜವನ್ನೂ ಮೂಲೆಯಲ್ಲಿ ದೊಡ್ಡದಾಗಿ ಬರೆದಿತ್ತಲ್ಲ. ಇಂಡೆಕ್ಸಿಲ್ಲ. ಒಂದೊಂದೇ ಪುಟ ತಿರುಗಿಸಿದೆ. ಐದು ದಿನ ಹಿಡಿಯಿತು. ಭಾನುವಾರ ಬೆಳಿಗ್ಗೆ, ಹಾಲು ಕಾಯಿಸಲು ಇಟ್ಟು ಪುಟ ತಿರುಗಿಸುತ್ತಿದ್ದಾಗ, ಆ ಬೀಜ ನನ್ನೆದುರು ಕೂತಿತ್ತು. ಅದೇ ಮೂಲೆ, ಅದೇ ಕೊಕ್ಕೆ.

ಹಾಲು ಉಕ್ಕಿತು. ನಾನು ನೋಡಲಿಲ್ಲ.

ಆ ದಿನ ಜಗಲಿಯಲ್ಲಿ ನಮ್ಮೂರ ಮೇಲೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರು ಕೂತಿದ್ದರು, ಜೊತೆಗೆ ಅವರ ಹೆಂಡತಿ. ಬಸ್ಸು ನಿಲ್ಲುವ ಮೊದಲೇ ಹಿಂದುಹಿಂದಾಗಿ ಧುಮುಕುವುದು ಅವರ ಅಭ್ಯಾಸ, ಅವತ್ತು ಪಾದ ಹೊರಳಿತ್ತು. ಎದುರುಮನೆ ಅಕ್ಕ ಮಜ ನೋಡುವುದಕ್ಕೆ ಬಂದಿದ್ದರು. ಅತ್ತೆ ಅರೆದ ಮದ್ದನ್ನು ಬಟ್ಟಲಲ್ಲಿ ಹಿಡಿದುಕೊಂಡು ಹೊರಗೆ ಬರುವುದಕ್ಕೂ ನಾನು ಪುಸ್ತಕ ಎತ್ತಿಕೊಂಡು ಓಡಿ ಬರುವುದಕ್ಕೂ ಸರಿಹೋಯಿತು.

"ಅತ್ತೆ! ಸಿಕ್ಕಿತು! ಇದೇ ಅಲ್ವಾ ನಿಮ್ಮ ಗಿಡ?"

ಸಿಸ್ಟರ್ ಮುಂದೆ ಪದ್ಯ ಒಪ್ಪಿಸುವಂತೆ ಸ್ಪಷ್ಟವಾಗಿ, ಗಟ್ಟಿಯಾಗಿ ಓದಿದೆ. ಲ್ಯಾಟಿನ್ ಹೆಸರು. ಇಂಗ್ಲಿಷ್ ಹೆಸರು. ತಮಿಳಿನ ಮೂರು ಹೆಸರು. ತೆಲುಗು ಶುರು ಮಾಡುವಾಗ ತಲೆಯೆತ್ತಿದೆ. ಯಾರೂ ನಗುತ್ತಿರಲಿಲ್ಲ.

"ಅಯ್ಯಯ್ಯೋ," ಎಂದರು ಕಂಡಕ್ಟರ ಹೆಂಡತಿ. "ಯೋಳ್ಬುಟ್ರಲ್ಲಾ!"

ಅತ್ತೆ ಚಿತ್ರವನ್ನು ಒಂದು ಸಲ ನೋಡಿದರು. ಅದೇ ಗಿಡ ಎಂಬುದು ಅವರ ಮುಖದಲ್ಲೇ ಗೊತ್ತಾಯಿತು. ಬೈಯಲಿಲ್ಲ. ಬಟ್ಟಲು ಹಿಡಿದುಕೊಂಡೇ ಹಿತ್ತಿಲಿಗೆ ನಡೆದು, ಅರೆದದ್ದನ್ನು ನುಗ್ಗೆ ಮರದ ಬುಡಕ್ಕೆ ಸುರಿದು, ಬಟ್ಟಲು ತೊಳೆದು ಬಂದರು.

"ಕೈಗುಣ ನಿಂತೋಯ್ತು ಕಣಪ್ಪ," ಎಂದರು ಕಂಡಕ್ಟರಿಗೆ. "ನರಸೀಪುರದ ಆಸ್ಪತ್ರೇಲಿ ಪಟ್ಟಿ ಆಕ್ತಾರೆ. ಓಗು."

ಕಂಡಕ್ಟರು ಹೆಂಡತಿಯ ಹೆಗಲು ಹಿಡಿದು ಎದ್ದರು. "ಬತ್ತೀನಿ ಕಣವ್ವ," ಎಂದರು. ಮದ್ದು ಕಟ್ಟಿಸಿಕೊಂಡಿರಲಿಲ್ಲವಲ್ಲ, ಆ ಮಾತು ಆಡಬಹುದಿತ್ತು.

ಆಮೇಲೆ ಅತ್ತೆ ಮದ್ದು ಕಟ್ಟುವುದನ್ನು ನಿಲ್ಲಿಸಿದರು. ಬಂದವರಿಗೆಲ್ಲ ಅದೇ ಮಾತು: ಗುಣ ಓಯ್ತು. ಯಾಕೆ, ಯಾರಿಂದ ಎಂದು ಮಾತ್ರ ಒಬ್ಬರಿಗೂ ಹೇಳಲಿಲ್ಲ. ನನ್ನ ಮೇಲೆ ಸಿಟ್ಟನ್ನೂ ತೋರಿಸಲಿಲ್ಲ, ಊಟಕ್ಕೆ ಕರೆಯುವುದು, ತಲೆಗೆ ಎಣ್ಣೆ ಹಚ್ಚುವುದು ಎಲ್ಲ ಹಾಗೇ ಇತ್ತು. ಆದರೆ ಮಂಗಳವಾರ ಬಂತೆಂದರೆ ಕತ್ತಲಿರುವಾಗಲೇ ಅವರಿಗೆ ಎಚ್ಚರ. ಎದ್ದು ಅಂಗಳದಲ್ಲಿ ನಿಂತು ಬದುವಿನ ಕಡೆ ನೋಡಿ, ಒಳಗೆ ಬಂದು ಪೊರಕೆ ತೆಗೆದುಕೊಂಡು, ಸಂಜೆ ಗುಡಿಸಿದ್ದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದರು. ಆ ಪೊರಕೆಯ ಸದ್ದು ಕೇಳುತ್ತ ನಾನು ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡಿರುತ್ತಿದ್ದೆ. ಅತ್ತೆ ನನ್ನ ಕಿವಿಯಲ್ಲಿ ಹೇಳಬೇಕಾಗಿದ್ದದ್ದನ್ನು ನಾನೇ ಜಗಲಿಯಲ್ಲಿ ಕೂಗಿಬಿಟ್ಟಿದ್ದೆ. ಇನ್ನು ಅವರ ಹತ್ತಿರ ನನಗೆ ಕೊಡಲು ಏನಿತ್ತು?

ನಮ್ಮೆಜಮಾನರು ಸಮಾಧಾನ ಮಾಡಲು ನೋಡಿದರು. "ಉಳುಕಿಗೆ ಈಗ ಮಾತ್ರೆ ಬಂದಿದೆ, ಬಿಡು," ಎಂದರು. ಎದುರುಮನೆ ಅಕ್ಕ ಸಮಾಧಾನವನ್ನೇನೂ ಮಾಡಲಿಲ್ಲ. "ಊರೋರ ಬಾಯಿಗೆ ಬೀಗ ಆಕೋ ಸೊಸೇರ್ನ ನೋಡಿವ್ನಿ. ಗಿಡುದ್ ಬಾಯಿಗೇ ಬೀಗ ಆಕ್ದೋಳು ನೀನೊಬ್ಳೇ," ಎಂದರು. ನಾನು ಅತ್ತದ್ದು ನೋಡಿ, ತಮ್ಮ ಮನೆಯಿಂದ ಒಂದು ತಟ್ಟೆ ಹುರಿಗಾಳು ತಂದು ನನ್ನ ಮುಂದಿಟ್ಟು ಹೋದರು.

ಗೌರಿ ಹಬ್ಬಕ್ಕೆ ತವರಿಗೆ ಹೋಗುವಾಗ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡೆ. ನಂಜನಗೂಡಿನಲ್ಲಿ ಅಟ್ಟದ ಮೇಲೆ ಇಟ್ಟು ಬರಿಗೈಯಲ್ಲಿ ವಾಪಸಾಗುವುದು ನನ್ನ ಯೋಚನೆ. ಅಮ್ಮ ಕತೆಯೆಲ್ಲ ಕೇಳಿ, ಬಾಗಿನದ ಮೊರಕ್ಕೆ ಅರಿಶಿನ ಹಚ್ಚುತ್ತಲೇ, "ಕೂಗಿದವಳು ನೀನು, ಅಟ್ಟ ಹತ್ತಬೇಕಾದ್ದು ಪುಸ್ತಕಾನಾ?" ಎಂದರು. "ತಗೊಂಡು ಹೋಗು. ಅವರ ಕಣ್ಮುಂದೆ ಇರಲಿ. ಬಚ್ಚಿಟ್ಟರೆ ಇನ್ನೂ ದೊಡ್ಡದಾಗುತ್ತೆ."

ಹಾಗಾಗಿ ಪುಸ್ತಕ ಮೂಗೂರಿಗೆ ಮರಳಿತು. ರಸಬಾಳೆಯ ಒಂದು ಚಿಪ್ಪಿನ ಜೊತೆ, ಒಂದೇ ಚೀಲದಲ್ಲಿ. ಇಂದಿಗೂ ಮೊದಲ ಕೆಲವು ಪುಟಗಳಿಗೆ ಬಾಳೆಹಣ್ಣಿನ ವಾಸನೆ ಇದೆ ಎಂದೇ ನನಗನ್ನಿಸುತ್ತದೆ.

ಮಳೆ ಹಿಡಿದ ಒಂದು ಮಂಗಳವಾರ. ಎದುರುಮನೆ ಅಕ್ಕ ತಮ್ಮ ಹಿತ್ತಿಲ ತೊಟ್ಟಿಯ ಹತ್ತಿರ ಪಾಚಿಯ ಮೇಲೆ ಜಾರಿ ಬಿದ್ದರು. ಸ್ವಲ್ಪ ಹೊತ್ತಿಗೆ ಒನಕೆಯನ್ನೇ ಊರುಗೋಲು ಮಾಡಿಕೊಂಡು ಒಂಟಿಕಾಲಲ್ಲಿ ಕುಪ್ಪಳಿಸುತ್ತ ನಮ್ಮ ಜಗಲಿಗೆ ಬಂದು ಕೂತರು. ಪಾದ ಆಗಲೇ ಬದನೆಕಾಯಿಯಂತೆ ಊದಿತ್ತು.

"ಅತ್ತಿಗೆ, ಆಕಿ ಮದ್ದ."

"ಗುಣ ಓಯ್ತು ಕಣಮ್ಮಿ."

"ಓಗಿದ್ರೆ ಓಗ್ಲಿ. ಸೊಪ್ಪಾದ್ರೂ ತಣ್ಣಗಿರ್ತದೆ, ಆಕಿ."

"ಗುಣ ಇಲ್ದಿದ್ನ ಕಟ್ಟಿ ನಿನ್ಗೆ ಮೋಸ ಮಾಡ್ಲಾ? ಆಸ್ಪತ್ರೆಗೋಗು."

"ಈ ಕಾಲಲ್ಲಿ ಬಸ್ಟಾಂಡ್ಗಂಟ ನೀವು ಎತ್ಕೊಂಡ್ ಓಯ್ತೀರಾ?" ಅಕ್ಕ ಒನಕೆಯನ್ನು ನೆಲಕ್ಕೆ ಕುಟ್ಟಿದರು. "ಅತ್ತಿಗೆ, ಒಂದ್ ಮಾತು ಕೇಳ್ತೀನಿ, ಧರ್ಮವಾಗಿ ಯೋಳಿ. ನಿಮ್ ಸೊಸೆ ಅವತ್ತು ಓದುದ್ಲಲ್ಲ, ನಾನೂ ಇಲ್ಲೇ ಕುಂತಿದ್ದೆ. ಅದ್ರಲ್ಲಿ ಒಂದಾದ್ರೂ ನಿಮ್ಮತ್ತೆ ಯೋಳಿದ್ ಎಸ್ರು ಇತ್ತಾ?"

ಅತ್ತೆ ಯೋಚಿಸಿದರು. "ಇರ್ನಿಲ್ಲ."

"ಮತ್ತೆ? ಗಿಡುಕ್ಕೆ ಇಂಗ್ಲೀಸ್ ಬತ್ತದಾ? ಬದುವಲ್ಲಿ ಉಟ್ಟಿ ಬದುವಲ್ಲಿ ಬೆಳ್ದಿದ್ದು. ಅದೇನು ನಿಮ್ ಸೊಸೆ ಜತೇಲಿ ಕಾನ್ವೆಂಟ್ಗೆ ಓಗಿತ್ತಾ?"

ಬಾಗಿಲಲ್ಲಿ ನಿಂತಿದ್ದ ನನಗೆ ನಗು ಬಂತು, ಹೆದರಿ ತಡೆದುಕೊಂಡೆ. ಅತ್ತೆ ನಗಲಿಲ್ಲ. ಅವರಿಗೆ ಅದು ನಿಜವಾದ ಪ್ರಶ್ನೆ.

"ತಮಿಳ್ನಲ್ಲೂ ಓದುದ್ಲು ಕಣಮ್ಮಿ," ಎಂದರು ಮೆಲ್ಲಗೆ. "ಇಂಗ್ಲೀಸ್ ಬರ್ನಾರ್ದು. ತಮಿಳು ಬಂದ್ರೂ ಬರ್ಬೋದು. ನಂಜನಗೂಡ್ ದೇವಸ್ಥಾನಕ್ಕೆ ಆ ಕಡೆ ಜನ ಅಷ್ಟೊಂದ್ ಬತ್ತರೆ, ಓಯ್ತರೆ."

ಆಗ ನನಗೆ ಹೊಳೆಯಿತು. ಒಳಗೆ ಓಡಿಹೋಗಿ ಪುಸ್ತಕ ತಂದು, ಆ ಪುಟ ತೆಗೆದೆ. ಈ ಸಲ ಒಂದಕ್ಷರವನ್ನೂ ಬಾಯಿಬಿಟ್ಟು ಓದಲಿಲ್ಲ. ಅತ್ತೆಯ ಪಕ್ಕ ಕೂತು ಅವರ ತೋರುಬೆರಳನ್ನು ಹಿಡಿದು ಕನ್ನಡದ ಗೆರೆಯ ಮೇಲಿಟ್ಟೆ.

"ಅತ್ತೆ, ಕನ್ನಡದ ಹೆಸರು ಇರಬೇಕಾದ್ದು ಇಲ್ಲಿ."

ಬೆರಳನ್ನು ಅವರು ತೆಗೆಯಲಿಲ್ಲ. ಹುಣಸೆ, ಅವರೆ ಬಿಡಿಸಿ ಉಗುರ ಸಂದೆಲ್ಲ ಕಪ್ಪಾದ ಬೆರಳು.

"ಇದೇನು, ಅಡ್ಡಗೀಟು?"

"ಗೊತ್ತಿಲ್ಲ ಅಂತ ಅರ್ಥ."

"ದೊರೆಗೆ ಗೊತ್ತಿರ್ನಿಲ್ವಾ?"

"ಗೊತ್ತಿರಲಿಲ್ಲ."

"ನೀನೂ ಪೆನ್ಸಿಲಲ್ಲಿ ಏನೂ ಬರ್ದಿಲ್ವಾ?"

"ನನಗೂ ಗೊತ್ತಿಲ್ವಲ್ಲ ಅತ್ತೆ. ನೀವು ಹೇಳಿಲ್ಲ."

ಮಳೆಹನಿ ಸೂರಿನಿಂದ ತೊಟ್ಟಿಕ್ಕುತ್ತಿತ್ತು. ಅಕ್ಕ ಒನಕೆ ಬದಿಗಿಟ್ಟು ಪುಟದ ಕಡೆ ಬಗ್ಗಿದರು. ಅತ್ತೆಯ ಮುಖ ನಿಧಾನಕ್ಕೆ ಬದಲಾಗುತ್ತ ಬಂತು.

"ಇಷ್ಟ್ ದೊಡ್ ಬುಕ್ ಬರ್ದೋನು, ಕೇಳ್ದಲೆ ಇದ್ದಾನಾ?" ಎಂದರು. "ಊರೂರು ಸುತ್ತಿ ಕೇಳವ್ನೆ. ಈ ಗಿಡುದ್ ತಾವ ಬಂದಾಗ್ಲೂ ಕೇಳವ್ನೆ. ಯಾವ್ಳೋ ಗಟ್ಟಿಗಿತ್ತಿ ಯೋಳಿಲ್ಲ, ನೋಡು!"

ಅಷ್ಟು ವರ್ಷ ಆ ಅಡ್ಡಗೀಟುಗಳನ್ನು ನಾನು ಅವಮಾನ ಎಂದೇ ತಿಳಿದಿದ್ದೆ. ದೊರೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ದುಬಾಷಿಯನ್ನು ಮುಂದಿಟ್ಟುಕೊಂಡು, ಯಾವುದೋ ಬದುವಿನ ಮೇಲೆ ನಿಂತಿರುವುದು, ಎದುರಿಗೆ ನಮ್ಮತ್ತೆಯಂಥ ಒಬ್ಬಳು ಸೊಪ್ಪನ್ನು ಮಡಿಲಲ್ಲಿ ಮುಚ್ಚಿಕೊಂಡು "ಗೊತ್ತಿಲ್ಲ ಕಣಪ್ಪ" ಎಂದು ತಲೆಯಾಡಿಸುವುದು ಕಣ್ಣಿಗೆ ಕಟ್ಟಿತು. ಎಲ್ಲ ಗೀಟುಗಳೂ ಹಾಗೆ ಬಂದವಲ್ಲ, ನನಗೆ ಗೊತ್ತು. ಇದೊಂದಾದರೂ ಹಾಗೆ ಬಂದಿರಲಿ.

"ಎಸ್ರು ಈಚೆಗೇ ಬಂದಿಲ್ಲ, ಅಂಗಾರೆ," ಎಂದು ಅತ್ತೆ ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಒರಳು ತೊಳ್ದಿಡು," ಎಂದು ನನಗೆ ಹೇಳಿದವರು, ಆ ಮಾತಿನ ಮೇಲೆ ಬಾಯಿ ಮುಚ್ಚಿ, ಮಳೆಯಲ್ಲೇ ಬದುವಿನ ಕಡೆ ನಡೆದರು.

"ಒತ್ತು ಮೂಡಿ ಬೋ ವೇಳೆ ಆಯ್ತು ಅತ್ತಿಗೆ!" ಎಂದು ಅಕ್ಕ ಹಿಂದಿನಿಂದ ಕೂಗಿದರು. ಅತ್ತೆ ಮೋಡದ ಕಡೆ ಕೈ ತೋರಿಸಿದರು. ಸೂರ್ಯ ಇನ್ನೂ ಕಂಡಿಲ್ಲ ಎಂದು.

ಅಕ್ಕ ಎಂಟು ದಿನಕ್ಕೆ ಓಡಾಡಿದರು. ಮದ್ದಿನ ಗುಣವೋ, ಎಂಟು ದಿನ ಕಾಲು ನೀಡಿಕೊಂಡು ಕೂತದ್ದರ ಗುಣವೋ ನಾನು ಹೇಳಲಾರೆ. ಅಕ್ಕನ ಸೊಸೆ ಎರಡನೆಯದೇ ಎನ್ನುತ್ತಾಳೆ. ಆ ಎಂಟು ದಿನ ನೀರು ಸೇದಿದವಳು ಅವಳು. ಜಗಲಿಯ ಮೇಲೆ ಮತ್ತೆ ಜನ ಕೂರತೊಡಗಿದರು. ಮಧ್ಯಾಹ್ನದ ಪುಸ್ತಕವೂ ಮತ್ತೆ ಶುರುವಾಯಿತು. ಒಂದೇ ವ್ಯತ್ಯಾಸ. ಆ ಪುಟ ಬಂದಾಗ ನಾನು ಕಾಗದದ ಸೆರಗನ್ನು ಎತ್ತದೆ ಮುಂದಕ್ಕೆ ಹೋಗುತ್ತಿದ್ದೆ, ಅತ್ತೆ ಆ ಹೊತ್ತಿಗೆ ಸರಿಯಾಗಿ ಅವರೆಕಾಯಿ ಆರಿಸುವುದರಲ್ಲಿ ಇರುತ್ತಿದ್ದರು.

ಹತ್ತು ಹನ್ನೆರಡು ವರ್ಷ ಕಳೆಯಿತು. ಊರಿಗೆ ಫೋನು ಬಂತು, ನಮ್ಮ ಮನೆಗೆ ಮಿಕ್ಸಿ ಬಂತು, ಒರಳು ಮಾತ್ರ ಹಿತ್ತಿಲಲ್ಲೇ ಇತ್ತು. ಅತ್ತೆಯ ಮಂಡಿ ಬಗ್ಗದಾಯಿತು. ಒಂದು ಭಾನುವಾರ ಬೆಳಕು ಹರಿಯುವಾಗ ನನ್ನನ್ನು ಎಬ್ಬಿಸಿ, ಬದುವಿನವರೆಗೆ ನನ್ನ ಹೆಗಲು ಹಿಡಿದು ನಡೆದರು. ಅಲ್ಲಿ ನಿಂತು, "ಪೆನ್ಸಿಲು ತಂದಿಲ್ಲ ತಾನೆ?" ಎಂದರು.

"ಇಲ್ಲ ಅತ್ತೆ."

ಎಲೆ ಅಡಿಕೆಯ ವಾಸನೆಯ ಉಸಿರು ನನ್ನ ಕಿವಿಗೆ ತಾಗಿತು. ಒಂದು ಹೆಸರು. ಬಹಳ ಚಿಕ್ಕದು, ಮನೆಯಲ್ಲಿ ಮಕ್ಕಳನ್ನು ಕರೆಯುವಂಥದು. ಇಷ್ಟೇನಾ ಎಂದು ನಾನು ತಿರುಗುವಷ್ಟರಲ್ಲಿ, "ಇನ್ನೊಂದದೆ, ತಡಿ," ಎಂದು ಎರಡನೆಯ ಹೆಸರನ್ನೂ ಹೇಳಿದರು. ಮದ್ದಿಗೆ ಎರಡು ಸೊಪ್ಪು ಬೇಕಂತೆ. ಎರಡನೆಯ ಗಿಡವನ್ನು ಕಾಲ ಬೆರಳಿನಿಂದ ತೋರಿಸಿದರು. ಮನೆಗೆ ಬಂದು ನಾನು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಹುಡುಕಿದೆ. ಅದು ಪುಸ್ತಕದಲ್ಲೇ ಇಲ್ಲ.

ಈಗ ಪುಸ್ತಕದ ಕನ್ನಡದ ಗೆರೆಗಳೆಲ್ಲ ಹೆಚ್ಚುಕಮ್ಮಿ ತುಂಬಿವೆ, ಕೆಲವದರಲ್ಲಿ ಮೂರು ಊರಿನ ಹೆಸರು. ಒಂದು ಗೆರೆಯಲ್ಲಿ ದೊರೆಯ ಅಡ್ಡಗೀಟು ಹಾಗೇ ಇದೆ.

ನಾನು ಮೊದಲ ಸಲ ಮದ್ದು ಕಟ್ಟಿದ್ದು ಯಾರಿಗೆ ಎಂದರೆ, ಅದೇ ಕಂಡಕ್ಟರಿಗೆ. ಮೀಸೆ ನರೆತಿತ್ತು, ಬಸ್ಸಿನಿಂದ ಹಿಂದುಹಿಂದಾಗಿ ಧುಮುಕುವ ಅಭ್ಯಾಸ ಬಿಟ್ಟಿರಲಿಲ್ಲ. ಈ ಸಲ ಇನ್ನೊಂದು ಕಾಲು. ಜಗಲಿಯಲ್ಲಿ ಅತ್ತೆ ಗೋಡೆಗೊರಗಿ ಕೂತಿದ್ದರು, ನಾನು ಬಟ್ಟಲು ಹಿಡಿದು ಬಂದೆ. ಕಂಡಕ್ಟರು ನನ್ನನ್ನು ನೋಡಿದವರೇ ಕಾಲನ್ನು ಹಿಂದಕ್ಕೆಳೆದುಕೊಂಡರು.

"ಅಕ್ಕೋ, ಬುಕ್ಕು ಒಳಗೇ ಅದೆ ತಾನೆ?"

"ಒಳಗಿದೆ ಅಣ್ಣ. ಟ್ರಂಕಿನಲ್ಲಿ."

"ಬೀಗ ಆಕಿದ್ದೀರಾ?"

"ನೀಡೋ ಕಾಲ," ಎಂದು ಅತ್ತೆ ಗದರಿಸಿದರು. "ಬುಕ್ಕೇನು ಎದ್ದು ಬಂದು ಓದ್ಕತದಾ?"

ಹಚ್ಚಿದೆ, ಹರಳೆಲೆ ಸುತ್ತಿದೆ, ಬಟ್ಟೆ ಕಟ್ಟಿದೆ. "ಇನ್ನೊಂಚೂರು ಬಿಗಿ," ಎಂದರು ಅತ್ತೆ. ಬಿಗಿ ಮಾಡಿದೆ. ಕಂಡಕ್ಟರು ಗೋಡೆ ಹಿಡಿದು ಎದ್ದರು, ಚಪ್ಪಲಿಗೆ ಕಾಲು ತೂರಿಸಿದರು, ದಿನಕ್ಕೆ ನೂರು ಸಲ ಆಡುವ ಮಾತಿನ ರೂಢಿಯಲ್ಲಿ ನನ್ನ ಕಡೆ ತಿರುಗಿ, "ಬ..." ಎಂದರು.

ಜೊತೆಗೆ ಬಂದಿದ್ದ ಹೆಂಡತಿ ತೋಳು ಜಿಗುಟಿದರು. ಕಂಡಕ್ಟರು ಬಾಯಿ ಮುಚ್ಚಿಕೊಂಡು, ಕಣ್ಣರಳಿಸಿ ನನ್ನನ್ನೂ ಅತ್ತೆಯನ್ನೂ ಒಂದು ಸಲ ನೋಡಿ, ಮಾತಿಲ್ಲದೆ ಕುಂಟುತ್ತ ಬೀದಿಗಿಳಿದರು. ತಿರುವಿನವರೆಗೂ ತಿರುಗಿ ನೋಡಲಿಲ್ಲ. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಲೇ ಇದ್ದರು. ನಾನು ಒರಳು ತೊಳೆಯಲು ಹಿತ್ತಿಲಿಗೆ ಹೋದೆ.